ಮಾನ್ಯ ವಜ್ರ ಸದಸ್ಯರೇ

9 ಸೆಪ್ಟೆಂಬರ್

ಪ್ರೀತಿಯ ಅಕ್ಕ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಹೋದ ಸಲ ಬೈದಿದ್ದೆಯಲ್ಲ, ಇವತ್ತು ನಿಧಾನವಾಗಿ ಬರೆಯುತ್ತಿದ್ದೇನೆ. ಪುರುಸೊತ್ತಿದೆ. ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ ರಿಪೇರಿ ಮುಗಿಸಿ ಹೊರಟಿದ್ದೇನೆ, ವಿಮಾನ ಎರಡು ಗಂಟೆ ತಡ. ಹೆಚ್ಚು ಹಾರುವವರಿಗೆ ವಿಮಾನ ಕಂಪನಿ ಕೊಡುವ ಬಂಗಾರದ ಕಾರ್ಡು ಇರುವುದರಿಂದ ಅವರ ವಿಶ್ರಾಂತಿ ಕೋಣೆಯಲ್ಲಿ, ಲೌಂಜಿನಲ್ಲಿ, ಕೂತಿದ್ದೇನೆ. ಮೆತ್ತನೆಯ ಸೋಫಾ, ಪುಕ್ಕಟೆ ಊಟ, ಹೊರಗಿನ ಗಲಾಟೆ ಇಲ್ಲಿಗೆ ಬರುವುದಿಲ್ಲ.

ಆದರೆ ಇಲ್ಲಿಗೆ ಬರುವ ಜನ ನೋಡಬೇಕು ನೀನು. ಎದುರಿಗೊಬ್ಬ ಕಾಲ್ಚೀಲ ಕಳಚಿ, ಸೋಫಾದ ಮೇಲೆ ಕಾಲು ಚಾಚಿ, ಬೆರಳುಗಳ ಸಂದು ತಿಕ್ಕಿಕೊಳ್ಳುತ್ತಿದ್ದಾನೆ. ಅದೇ ಕೈಯಲ್ಲಿ ಎಲ್ಲರೂ ತೆಗೆದುಕೊಳ್ಳುವ ಬಟ್ಟಲಿಂದ ಗೋಡಂಬಿ. ಇನ್ನೊಬ್ಬ ತಟ್ಟೆಯಲ್ಲಿ ಗುಡ್ಡ ಮಾಡಿಕೊಂಡು, ಕಾಲು ಭಾಗ ತಿಂದು, ಮಿಕ್ಕಿದ್ದರ ಮೇಲೆ ಕೈ ಒರೆಸಿದ ಕಾಗದ ಒತ್ತಿ ಎದ್ದುಹೋದ. ಅಸಹ್ಯ. ಎಲ್ಲರಿಗೂ ಕಾರ್ಡು ಕೊಟ್ಟುಬಿಟ್ಟರೆ ಹೀಗೇ ಆಗುವುದು. ವಜ್ರದ ಕಾರ್ಡು ಎಂದೊಂದಿದೆ, ಅವರಿಗೆ ಒಳಗೊಂದು ಬೇರೆ ಕೋಣೆ. ಡಿಸೆಂಬರ್ ಮೂವತ್ತೊಂದರೊಳಗೆ ಇನ್ನು ಹನ್ನೊಂದು ಫ್ಲೈಟ್ ಆದರೆ ನಾನೂ ಅಲ್ಲಿಗೆ.

ನಾನು ಬಾಡಿಗೆ ಮನೆ ಬದಲಾಯಿಸುತ್ತಲೇ ಇರುವುದರಿಂದ ವಿಮಾನ ಕಂಪನಿಯವರ ಲಕೋಟೆಗಳು ನಿನ್ನ ವಿಳಾಸಕ್ಕೇ ಬರುತ್ತವೆ. ಒಡೆಯುವುದು ಬೇಡ, ಹಾಗೇ ನನಗೆ ಕಳಿಸು, ಸಾಕು.

ನಿನ್ನ
ತಮ್ಮ


17 ಸೆಪ್ಟೆಂಬರ್

ಮರಿ,

ನಿನ್ನ ಕಾಗದ ಊಟದ ಹೊತ್ತಿಗೆ ಬಂತು. ಓದಿಕೊಂಡೇ ಉಂಡೆ. ದಿನಕ್ಕೆ ಎಂಟು ಗಂಟೆ ಕಂಡವರ ಬಾಯಿಯ ಅಚ್ಚು ಕೈಯಲ್ಲಿ ಹಿಡಿದು ಹಲ್ಲಿನ ಸೆಟ್ಟು ಮಾಡುವವಳಿಗೆ ನಿನ್ನ ಕಾಲ್ಚೀಲದವನಿಂದ ಏನೂ ಆಗುವುದಿಲ್ಲ. ಮೊನ್ನೆ ರಿಪೇರಿಗೆ ಬಂದ ಒಂದು ಸೆಟ್ಟಿನಲ್ಲಿ ಹಿಂದಿನ ದಿನದ ಊಟ ಪೂರ್ತಿ ಇತ್ತು. ತೊಳೆದು, ತಿಕ್ಕಿ, ಹೊಳಪು ಕೊಟ್ಟು ಕಳಿಸಿದೆ. ನಮ್ಮ ಲ್ಯಾಬಿನ ಯಜಮಾನ ಎಂದಿನಂತೆ ಬಾಗಿಲಲ್ಲಿ ನಿಂತು ಬಾಯಿ ಆಡಿಸುತ್ತಿದ್ದ. ಬೈಗುಳವೇ ಇರಬೇಕು. ಕಿವಿ ಕೇಳಿಸದಿರುವುದರ ಸುಖ ಅದೊಂದೇ.

ಅದರ ವಿಷಯಕ್ಕೇ ಬರುತ್ತೇನೆ. ಜ್ವರದಲ್ಲಿ ಕಿವಿ ಹೋಗಿ ಹನ್ನೊಂದು ವರ್ಷವಾಯಿತಲ್ಲ, ಈಗ ಒಂದು ಆಪರೇಷನ್ ಮಾಡಬಹುದು ಎನ್ನುತ್ತಾರೆ. ಕಿವಿಯ ಹಿಂದೆ ಚರ್ಮದೊಳಗೆ ಬಿಲ್ಲೆಯಂಥದು ಇಡುತ್ತಾರೆ, ಹೊರಗೊಂದು ಸಣ್ಣ ಯಂತ್ರ ಸಿಕ್ಕಿಸುತ್ತಾರೆ. ನವೆಂಬರಿನಲ್ಲಿ ಆಪರೇಷನ್. ಗಾಯ ಮಾಯ್ದ ಮೇಲೆ ಡಿಸೆಂಬರ್ ಹತ್ತೊಂಬತ್ತಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ, ಯಂತ್ರಕ್ಕೆ ಜೀವ ಕೊಡುತ್ತಾರಂತೆ. ಆಪರೇಷನ್ನಿಗೆ ನೀನು ಬರುವುದು ಬೇಡ, ನಾನು ಮಲಗಿರುತ್ತೇನೆ ಅಷ್ಟೆ. ಹತ್ತೊಂಬತ್ತಕ್ಕೆ ಬಾ. ಗೊತ್ತಿರುವ ಒಂದು ದನಿ ಪಕ್ಕದಲ್ಲಿದ್ದರೆ ಒಳ್ಳೆಯದು ಎಂದು ಡಾಕ್ಟರಮ್ಮ ಚೀಟಿಯಲ್ಲಿ ಬರೆದು ತೋರಿಸಿದರು. ನನಗೆ ಗೊತ್ತಿರುವ ದನಿ ಎಂದರೆ ಅಮ್ಮನದು ಮತ್ತು ನಿನ್ನದು. ಅಮ್ಮ ಇಲ್ಲ.

ಒಂದು ಲಕೋಟೆ ಬಂದಿದೆ, ಜೊತೆಗಿಟ್ಟಿದ್ದೇನೆ.

ಅಕ್ಕ


2 ಅಕ್ಟೋಬರ್

ಪ್ರೀತಿಯ ಅಕ್ಕ,

ಬರುತ್ತೇನೆ. ಇದನ್ನು ಕೇಳಬೇಕೇ ನೀನು? ರಜೆಗೆ ಬರೆದುಕೊಟ್ಟಾಗಿದೆ. ಹದಿನೆಂಟಕ್ಕೆ ಹೊರಟು ಹತ್ತೊಂಬತ್ತರ ಬೆಳಿಗ್ಗೆ ಒಂಬತ್ತಕ್ಕೆ ನಿನ್ನ ಬಾಗಿಲಲ್ಲಿರುತ್ತೇನೆ.

ಎರಡು ತಾಸಿನ ದಾರಿಗೆ ಹಿಂದಿನ ದಿನವೇ ಯಾಕೆ ಹೊರಡಬೇಕು ಎಂದು ನನ್ನ ಹೆಂಡತಿ ಕೇಳಿದಳು. ಕೆಲಸ ಇರುತ್ತದೆ ಎಂದೆ. ಈಚೆಗೆ ಅವಳಿಗೆ ನನ್ನ ಪ್ರಯಾಣದ ಮಾತೆತ್ತಿದರೆ ಆಗುವುದಿಲ್ಲ. ಮೊನ್ನೆ ಮನೆಯಲ್ಲಿ ಚಹಾ ಕೊಟ್ಟು, "ತಗೊಳ್ಳಿ ಸರ್, ಬಂಗಾರದ ಸದಸ್ಯರಿಗೆ ಮೊದಲು," ಅಂದಳು. ನಗಲಿಲ್ಲ ನಾನು. ಜನ ನಮ್ಮನ್ನು ಗುರುತಿಸಿ, ಹೆಸರಿಟ್ಟು ಕರೆದು, ಸಾಲಿನ ಮುಂದಕ್ಕೆ ಬಿಟ್ಟರೆ ಅದರಲ್ಲಿ ಏನು ತಪ್ಪು? ವರ್ಷವಿಡೀ ಕಂಡವರ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆವರುತ್ತೇನೆ. ಯಂತ್ರ ಕೆಟ್ಟಾಗ ದೇವರ ಹಾಗೆ ಕಾಯುತ್ತಾರೆ, ಸರಿಯಾದ ಕೂಡಲೇ ನಾನು ಯಾರು ಅನ್ನುವುದೇ ಮರೆತುಹೋಗುತ್ತದೆ. ವಿಮಾನದವರು ಮರೆಯುವುದಿಲ್ಲ.

ಸರಿ ಬಿಡು. ಮೊದಲು ಏನು ಮಾತಾಡಲಿ ನಿನ್ನ ಹತ್ತಿರ, ಯೋಚಿಸಿಡುತ್ತೇನೆ.

ತಮ್ಮ


30 ನವೆಂಬರ್

ಮರಿ,

ಆಪರೇಷನ್ ಆಯಿತು. ಕಿವಿಯ ಹಿಂದೆ ಕೂದಲು ಬೋಳಿಸಿದ್ದಾರೆ, ಬೆಕ್ಕು ನೆಕ್ಕಿದ ಹಾಗಿದೆ. ತಲೆ ಸುತ್ತುತ್ತದೆ, ಗೋಡೆ ಹಿಡಿದು ನಡೆಯುತ್ತೇನೆ. ನಾಲ್ಕು ದಿನ ನಾಲಿಗೆಗೆ ಕಬ್ಬಿಣದ ರುಚಿ ಇತ್ತು. ಈಗ ಪರವಾಗಿಲ್ಲ.

ನಿನ್ನ ದನಿ ಹೇಗಿತ್ತು ಎಂದು ಮಲಗಿದಲ್ಲೇ ನೆನಪು ಮಾಡಿಕೊಳ್ಳುತ್ತಿದ್ದೆ. ಇಪ್ಪತ್ತೆರಡು ವರ್ಷದವನ ದನಿ ನೆನಪಿದೆ. ಸ್ವಲ್ಪ ಮೂಗಿನಲ್ಲಿ ಮಾತಾಡುತ್ತಿದ್ದೆ, ಸುಳ್ಳು ಹೇಳುವಾಗ ಇನ್ನೂ ಸ್ವಲ್ಪ. ಈಗ ದಪ್ಪಗಾಗಿರಬಹುದು. ಮೊದಮೊದಲು ಎಲ್ಲರ ದನಿಯೂ ತಗಡು ಬಡಿದ ಹಾಗೆ ಕೇಳಿಸುತ್ತದಂತೆ. ಪರವಾಗಿಲ್ಲ, ನಿನ್ನದು ಎಂದು ಗೊತ್ತಿದ್ದರೆ ಸಾಕು.

ಹೆಚ್ಚೇನೂ ತರಬೇಡ. ನೀನು ಬಾ.

ಅಕ್ಕ


22 ಡಿಸೆಂಬರ್

ಪ್ರೀತಿಯ ಅಕ್ಕ,

ಮೊಬೈಲಿನಲ್ಲಿ ಎರಡು ಸಾಲು ಕಳಿಸಿ ಸುಮ್ಮನಾದೆ ಎಂದು ಬೇಜಾರಾಗಬೇಡ. ವಿವರ ಬರೆಯುತ್ತೇನೆ.

ಹೊರಡುವ ಹೊತ್ತಿಗೆ ಸರಿಯಾಗಿ ಕಚೇರಿಯಿಂದ ಫೋನು ಬಂತು. ದೊಡ್ಡದೊಂದು ಆಸ್ಪತ್ರೆಯ ಯಂತ್ರ ನಿಂತುಹೋಗಿತ್ತು, ಬೇರೆ ಯಾರೂ ಸಿಗಲಿಲ್ಲ. ತಲೆಗೆ ಪೆಟ್ಟು ಬಿದ್ದ ಹುಡುಗಿಯೊಬ್ಬಳು, ಹತ್ತು ವರ್ಷದವಳು, ಸ್ಟ್ರೆಚರಿನ ಮೇಲೆ ಕಾಯುತ್ತಿದ್ದಳು. ಅವಳಪ್ಪ ನನ್ನ ಕೈ ಹಿಡಿದುಕೊಂಡ. ಹೇಗೆ ಬಿಟ್ಟು ಬರಲಿ? ಯಂತ್ರ ಎದ್ದಾಗ ಹತ್ತೊಂಬತ್ತರ ಮಧ್ಯಾಹ್ನವಾಗಿತ್ತು. ನೀನಾಗಿದ್ದರೂ ಹೀಗೇ ಮಾಡುತ್ತಿದ್ದೆ.

ಯಂತ್ರ ಹಾಕಿದರೇ? ಏನು ಕೇಳಿಸಿತು? ಬರೆ.

ತಮ್ಮ


29 ಡಿಸೆಂಬರ್

ನನ್ನ ಮರಿ,

ಬೇಜಾರು ಎಲ್ಲಿಂದ ಬರಬೇಕು? ನಿನ್ನ ಕಾಗದವನ್ನು ಡಾಕ್ಟರಮ್ಮನಿಗೂ ತೋರಿಸಿದೆ. ಅಲ್ಲಿದ್ದ ನರ್ಸುಗಳೆಲ್ಲ ಓದಿದರು. ಆ ಹುಡುಗಿ ಹೇಗಿದ್ದಾಳೆ? ಸ್ಕ್ಯಾನಿನಲ್ಲಿ ಏನು ಬಂತು? ಅದನ್ನು ಬರೆಯದೆ ಬಿಟ್ಟಿದ್ದೀಯ, ಮುಂದಿನ ಸಲ ಬರೆ. ದಿನಾ ನೆನೆಯುತ್ತಿರುತ್ತೇನೆ ಅವಳನ್ನು.

ನನ್ನ ಕಥೆ ಕೇಳು. ಹನ್ನೊಂದೂ ಕಾಲರವರೆಗೆ ನಿನ್ನನ್ನು ಕಾದೆವು. ನಿನ್ನ ಸಂದೇಶ ಬಂದ ಮೇಲೆ, ಗೊತ್ತಿದ್ದವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಡಾಕ್ಟರಮ್ಮ ಬರೆದು ಕೇಳಿದರು. ನಮ್ಮ ಲ್ಯಾಬು ಎರಡು ಬೀದಿ ಆಚೆ. ಅಲ್ಲಿಗೆ ಫೋನು ಮಾಡಿದರು, ಯಜಮಾನ ಬಂದ. ಅಂಗಿಯೆಲ್ಲ ಪ್ಲಾಸ್ಟರಿನ ಪುಡಿ. ಕುರ್ಚಿಯ ತುದಿಯಲ್ಲಿ ಕೂತ. ಡಾಕ್ಟರಮ್ಮ ಗುಂಡಿ ಒತ್ತಿ, ಏನಾದರೂ ಮಾತಾಡಿ ಎಂದು ಸನ್ನೆ ಮಾಡಿದರು. ಅವನು ಅಂಗಿಯ ಪುಡಿ ಕೊಡವಿಕೊಂಡ. ಆಮೇಲೆ ನನ್ನ ಮುಖ ನೋಡಿ ಅಂದ: "ನಾಳೆ ಕೊಡ್ಬೇಕಾದ ಮೇಲಿನ ಸೆಟ್ಟು ಕಚ್ಚೋವಾಗ ಒಂದ್ಕಡೆ ಎತ್ತುತ್ತೆ. ಹೇಳಿದ್ನಲ್ಲ ಆವತ್ತೇ, ಉಜ್ಜು ಅಂತ."

ಹನ್ನೊಂದು ವರ್ಷದ ಮೇಲೆ ನಾನು ಕೇಳಿದ ಮೊದಲ ಮಾತು ಅದು. ಡಬ್ಬದೊಳಗೆ ನೊಣ ಹೊಕ್ಕ ಹಾಗಿತ್ತು ದನಿ. ಅವನ ತುಟಿ ನೋಡಿಕೊಂಡೇ ಅರ್ಥ ಮಾಡಿಕೊಂಡೆ. ನಾನು ನಕ್ಕೆ, ಆಮೇಲೆ ಅತ್ತೆ. ಅವನಿಗೆ ಗಾಬರಿಯಾಗಿ, "ಬಿಡಮ್ಮ, ನಾನೇ ಉಜ್ಜುತೀನಿ," ಅಂದ.

ನೀನು ಇದ್ದಿದ್ದರೆ ಅಂತ ಅನ್ನಿಸಿದ್ದು ನಿಜ. ಆದರೆ ನನ್ನ ಕಿವಿ ಹನ್ನೊಂದು ವರ್ಷ ಕಾದಿದೆ, ಆ ಮಗುವಿನ ತಲೆ ಕಾಯುತ್ತಿತ್ತೇ?

ಅಕ್ಕ


24 ಜನವರಿ

ತಮ್ಮನಿಗೆ,

ವಿಮಾನ ಕಂಪನಿಯ ಲಕೋಟೆ ಬಂತು. ಈ ಸಲ ದಪ್ಪಗಿತ್ತು, ಒಂದು ಬದಿ ಹರಿದೂ ಇತ್ತು. ಒಳಗಿನ ಹಾಳೆ ಹೊರಗೆ ಇಣುಕುತ್ತಿತ್ತು. ಓದಿದೆ. ತಪ್ಪು ಎನ್ನುವುದಾದರೆ ತಪ್ಪು.

"ಮಾನ್ಯ ವಜ್ರ ಸದಸ್ಯರೇ, ಅಭಿನಂದನೆಗಳು" ಎಂದು ಶುರುವಾಗುತ್ತದೆ. ಕೆಳಗೆ ಪಟ್ಟಿ ಇದೆ. ಡಿಸೆಂಬರ್ ಹದಿನೆಂಟು: ನಿನ್ನ ಊರಿಂದ ಬಂದರಿನ ಊರಿಗೆ, ಅಲ್ಲಿಂದ ಬೆಟ್ಟದ ಊರಿಗೆ. ಹತ್ತೊಂಬತ್ತು: ಬೆಟ್ಟದ ಊರಿಂದ ಬಂದರಿಗೆ, ಬಂದರಿಂದ ಮತ್ತೆ ಬೆಟ್ಟಕ್ಕೆ, ಬೆಟ್ಟದಿಂದ ನಿನ್ನ ಮನೆಗೆ.

ಆ ಹುಡುಗಿ ಯಾವ ಊರಿನ ಆಸ್ಪತ್ರೆಯಲ್ಲಿದ್ದಳು?

ಕಾರ್ಡು ಇದರ ಜೊತೆಗಿದೆ.

ಅಕ್ಕ


15 ಮಾರ್ಚ್

ಅಕ್ಕ,

ಏಳು ವಾರದಿಂದ ಈ ಕಾಗದ ಬರೆದು ಹರಿಯುತ್ತಿದ್ದೇನೆ. ಹುಡುಗಿ ಇಲ್ಲ. ಅವಳಪ್ಪನೂ ಇಲ್ಲ. ಯಾವ ಯಂತ್ರವೂ ಕೆಟ್ಟಿರಲಿಲ್ಲ. ನೀನು ಅವಳನ್ನು ದಿನಾ ನೆನೆಯುತ್ತೇನೆ ಎಂದು ಬರೆದದ್ದನ್ನು ಓದಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ವಜ್ರಕ್ಕೆ ಐದು ಫ್ಲೈಟ್ ಕಡಿಮೆಯಿತ್ತು. ಕಚೇರಿಯವರು ಡಿಸೆಂಬರಿನಲ್ಲಿ ಎಲ್ಲಿಗೂ ಕಳಿಸುವುದಿಲ್ಲ ಎಂದರು. ಹೇಗೂ ನಿನ್ನಲ್ಲಿಗೆ ಬರಬೇಕಲ್ಲ, ಸುತ್ತು ಹಾಕಿಕೊಂಡು ಬಂದರೆ ಎರಡೂ ಆಗುತ್ತದೆ ಎಂದು ನನ್ನ ಕೈಯಿಂದಲೇ ಟಿಕೆಟ್ ತೆಗೆದೆ. ಬೆಟ್ಟದ ಊರಿನಲ್ಲಿ ನನಗೆ ಯಾರೂ ಇಲ್ಲ. ನಿಲ್ದಾಣದ ಹೊರಗೆ ಕಾಲಿಡದೆ ಒಂದು ಕುರ್ಚಿಯಲ್ಲಿ ಕೂತೆ. ನನ್ನಂಥವರು ಇನ್ನೂ ಆರೇಳು ಜನ ಇದ್ದರು, ಒಂದೇ ಒಂದು ಕೈಚೀಲ, ಎಲ್ಲಿಗೂ ಹೋಗುವ ಕೆಲಸವಿಲ್ಲ. ಒಬ್ಬರನ್ನೊಬ್ಬರು ನೋಡಿದ ಕೂಡಲೇ ಗೊತ್ತಾಗುತ್ತದೆ. ಒಬ್ಬ ಹತ್ತಿರ ಬಂದು ಹಲ್ಲು ಕಿರಿದು, "ಎಷ್ಟು ಬಾಕಿ?" ಅಂದ. ನಾನು ಮೂರು ಅಂದೆ. "ನಂದು ಎರಡು. ನಾಳೆ ಮಗನ ನಾಟಕ ಇತ್ತು ಸ್ಕೂಲಲ್ಲಿ, ಹೆಂಡ್ತಿ ಫೋನೇ ಎತ್ತುತ್ತಿಲ್ಲ," ಅಂದು ನಕ್ಕ. ಅವನ ಬಾಯಿಂದ ಹುಳಿ ವಾಸನೆ ಬರುತ್ತಿತ್ತು. ನಾನೂ ನಕ್ಕೆ. ಈ ಕಾಗದವನ್ನು ಪ್ರತಿ ಸಲ ಹರಿದದ್ದು ಇಲ್ಲಿಗೆ ಬಂದಾಗಲೇ, ಅವನ ಜೊತೆ ನಕ್ಕದ್ದನ್ನು ಬರೆಯುವಾಗ.

ಹತ್ತೊಂಬತ್ತರ ಬೆಳಿಗ್ಗೆ ಬಂದರಿನ ಊರಲ್ಲಿ ಇಳಿದಾಗ, ನಿನ್ನ ಊರಿಗೆ ಹೋಗಬೇಕಾದ ವಿಮಾನ ರದ್ದಾಗಿತ್ತು. ಇದನ್ನು ಮಾತ್ರ ಹೇಳಿ ನಿಲ್ಲಿಸಬಹುದಿತ್ತು. ನಿಲ್ಲಿಸುವುದಿಲ್ಲ. ಪಕ್ಕದ ಗೇಟಿನಲ್ಲಿ ಬೇರೆ ಕಂಪನಿಯ ವಿಮಾನ ನಿನ್ನ ಊರಿಗೇ ಹೊರಟಿತ್ತು. ಹತ್ತೂ ಕಾಲಕ್ಕೆ ಮುಟ್ಟುತ್ತಿತ್ತು. ಸೀಟಿತ್ತು. ಅಲ್ಲಿದ್ದವನು, "ಬರೋದಾದ್ರೆ ಬೇಗ ಹೇಳಿ ಸರ್, ಬಾಗ್ಲು ಹಾಕ್ತೀವಿ," ಅಂದ. ಅದನ್ನು ಹತ್ತಿದರೆ ನನ್ನ ಟಿಕೆಟಿನ ಮಿಕ್ಕ ಪ್ರಯಾಣವೆಲ್ಲ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಎರಡು ಫ್ಲೈಟ್ ಬಾಕಿ ಉಳಿಯುತ್ತದೆ. ನಾನು ನಿಂತೆ. ಅವನು ನನ್ನ ಮುಖ ನೋಡಿಕೊಂಡೇ ಬಾಗಿಲು ಹಾಕಿದ.

ಆಮೇಲೆ ನಮ್ಮ ಕಂಪನಿಯವರು, ನಾಳೆ ನಿನ್ನ ಊರಿಗೆ ಕಳಿಸಲೋ, ಇವತ್ತೇ ಬೆಟ್ಟದ ಊರಿನ ಮೂಲಕ ಮನೆಗೆ ಕಳಿಸಲೋ ಎಂದು ಕೇಳಿದರು. ಹೇಗೂ ಹನ್ನೊಂದು ಗಂಟೆ ತಪ್ಪಿತು, ಇನ್ನು ಹೋಗಿ ಏನು ಎಂದುಕೊಂಡೆ. ಮನೆಗೆ ಎಂದೆ. ಕೊನೆಯ ವಿಮಾನದಲ್ಲಿ ಪರಿಚಾರಿಕೆ ಬಗ್ಗಿ ಅಭಿನಂದಿಸಿ ಒಂದು ತುಂಡು ಕೇಕು ಕೊಟ್ಟಳು. ತಿಂದೆ.

ವಜ್ರದವರ ಕೋಣೆಯನ್ನೂ ನೋಡಿದೆ. ಅದೇ ಸೋಫಾ, ಬಣ್ಣ ಬೇರೆ. ವಜ್ರದವರೇ ಎಷ್ಟು ಜನವಾಗಿದ್ದಾರೆ ಎಂದರೆ ಅವರ ಸಾಲು ಸಾಮಾನ್ಯರ ಸಾಲಿಗಿಂತ ಉದ್ದ.

ನನ್ನ ಹತ್ತಿರ ಕೊಡಲು ಬೇರೇನೂ ಇಲ್ಲ. ಹಾರಿದ್ದಕ್ಕೆ ಕಂಪನಿ ಕೊಟ್ಟ ಪಾಯಿಂಟುಗಳನ್ನೆಲ್ಲ ಸುರಿದು ನಿನಗೊಂದು ಟಿಕೆಟ್ ತೆಗೆಯುತ್ತೇನೆ, ಮುಂದಿನ ಸಾಲಿನ ದೊಡ್ಡ ಸೀಟು. ಬಾ. ನಾಲ್ಕು ದಿನ ಇರು. ಬೇಡ ಎಂದರೂ ನನಗೆ ಅರ್ಥವಾಗುತ್ತದೆ.

ತಮ್ಮ


2 ಏಪ್ರಿಲ್

ತಮ್ಮನಿಗೆ,

ಓದಿದೆ. ಎರಡು ದಿನ ಮಾತಾಡಿಸಿದವರಿಗೆಲ್ಲ ಸಿಡುಕಿದೆ. ಸೀಟಿದ್ದೂ ಹತ್ತಲಿಲ್ಲ ಎಂದೆಯಲ್ಲ, ಆ ಜಾಗ ಬಂದಾಗಲೆಲ್ಲ ಕಾಗದ ಮಡಿಸಿಡುತ್ತೇನೆ. ಬರೆದದ್ದು ಒಳ್ಳೆಯದಾಯಿತು. ಕ್ಷಮಿಸಿದ್ದೇನೆ ಎಂದು ತಿಳಿಯಬೇಡ, ಅದು ಬೇರೆ.

ದಿನಾ ಒಂದು ತಾಸು ಕೇಳುವ ಅಭ್ಯಾಸ ಮಾಡುತ್ತಿದ್ದೇನೆ. ಯಜಮಾನ ಊಟದ ಹೊತ್ತಿಗೆ ಪೇಪರು ಓದಿ ಹೇಳುತ್ತಾನೆ. ಈಗ ತುಟಿ ನೋಡದೆಯೂ ಮುಕ್ಕಾಲು ಪಾಲು ತಿಳಿಯುತ್ತದೆ. ನಿನ್ನ ಪಾಯಿಂಟಿನ ಮೇಲೆ ಕೂತು ಬರಲು ನನಗೆ ಮೈ ಉರಿಯುತ್ತದೆ. ಆದರೂ ಬರುತ್ತೇನೆ. ನಿನ್ನ ದನಿ ಕೇಳಬೇಕು. ಮೇ ತಿಂಗಳಿಗೆ ಟಿಕೆಟ್ ತೆಗೆ.

ಅಕ್ಕ


25 ಮೇ

ಮರಿ,

ನಿನ್ನ ಮನೆಯಲ್ಲಿ ನಾಲ್ಕು ದಿನವೂ ನಾನು ಯಾಕೆ ಮಂಕಾಗಿದ್ದೆ ಎಂದು ನೀನು ಎರಡು ಸಲ ಕೇಳಿದೆ, ನಿನ್ನ ಹೆಂಡತಿ ಒಂದು ಸಲ ಕೇಳಿದಳು. ತಲೆನೋವು ಎಂದೆ. ಸುಳ್ಳು. ಈಗ ನಿಜ ಬರೆಯುತ್ತೇನೆ. ಎದುರಿಗೆ ಹೇಳುವ ಧೈರ್ಯವಿರಲಿಲ್ಲ.

ಪಾಯಿಂಟಿನ ಟಿಕೆಟಿಗೆ ನೇರ ವಿಮಾನ ಸಿಗದೆ ದಾರಿಯಲ್ಲಿ ಬದಲಾಯಿಸಬೇಕಿತ್ತಲ್ಲ, ನೀನೂ ಕೆಲಸ ಮುಗಿಸಿ ಅಲ್ಲಿಗೇ ಬರುತ್ತೇನೆ, ಲೌಂಜಿನ ಬಾಗಿಲಲ್ಲಿ ಸಿಗೋಣ, ಅಲ್ಲಿಂದ ಜೊತೆಗೆ ಹೋಗೋಣ ಎಂದಿದ್ದೆ. ನನ್ನ ವಿಮಾನ ಅರ್ಧ ತಾಸು ಮೊದಲೇ ಇಳಿಯಿತು. ಬಾಗಿಲ ಮುಂದೆ ಹದಿನೈದು ಜನರ ಸಾಲು. ನಾನೂ ನಿಂತೆ. ಕೌಂಟರಿನಲ್ಲಿ ಗಂಡಸೊಬ್ಬ ನನಗೆ ಬೆನ್ನು ಹಾಕಿ ನಿಂತಿದ್ದ, ಅಲ್ಲಿದ್ದ ಹೆಂಗಸಿನ ಮೇಲೆ ಹರಿಹಾಯುತ್ತಿದ್ದ. ಅಷ್ಟು ಗಲಾಟೆಯಲ್ಲಿಯೂ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು. ನನ್ನ ಯಂತ್ರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಹಿಗ್ಗಿದೆ.

ಒಳಗೆ ಜಾಗವಿಲ್ಲ, ಇಪ್ಪತ್ತು ನಿಮಿಷ ಕಾಯಬೇಕು ಎಂದು ಅವಳು ಹೇಳುತ್ತಿದ್ದಳು. ಅವನು, "ಕಾರ್ಡಿನ ಬಣ್ಣ ನೋಡಿದ್ಯಾ? ಓದಕ್ಕೆ ಬರುತ್ತಾ ನಿಂಗೆ? ಒಳಗೆ ಬಂಗಾರ ಬೆಳ್ಳಿ ಎಲ್ಲಾ ಕೂತಿದಾವಲ್ಲ, ಎಬ್ಬಿಸು ನಾಲ್ಕು ಜನಾನ," ಅಂದ. ಅವಳು ಮತ್ತೇನೋ ಅಂದಳು. "ನಾಳೆ ಈ ಕುರ್ಚೀಲಿ ನೀನು ಇರ್ತೀಯೋ ಇಲ್ವೋ ನೋಡು. ಒಂದು ಕಾಗದ ಬರೆದ್ರೆ ಸಾಕು," ಅಂದ.

ಎಂಥ ಹೊಲಸು ಬಾಯಿ ಎಂದುಕೊಂಡೆ. ಇವನಿಗೆ ಅಕ್ಕ ತಂಗಿ ಯಾರೂ ಇಲ್ಲವೇನೋ ಎಂದುಕೊಂಡೆ. ನಿಜವಾಗಿಯೂ ಅದೇ ಮಾತು ಮನಸ್ಸಿಗೆ ಬಂತು. ಅಷ್ಟರಲ್ಲಿ ಅವನು, "ನಮ್ಮಕ್ಕ ಬರ್ತಿದಾಳೆ. ಕಿವುಡಿ ಅವಳು. ಅವಳನ್ನ ತಂದು ಈ ಸಾಲಲ್ಲಿ ನಿಲ್ಲಿಸ್ಲಾ ನಾನು?" ಅಂದ. ಆಮೇಲೆ ತಿರುಗಿದ. ನೀನು.

ಕಿವುಡಿ ಎನ್ನುವ ಪದವನ್ನು ಈ ಹನ್ನೊಂದು ವರ್ಷದಲ್ಲಿ ನಾನು ಯಾರ ಬಾಯಿಂದಲೂ ಕೇಳಿರಲಿಲ್ಲ. ಕೇಳುವ ಹಾಗೂ ಇರಲಿಲ್ಲವಲ್ಲ.

ನನ್ನನ್ನು ಕಂಡ ಕೂಡಲೇ ನಿನ್ನ ಮುಖ ಅರಳಿತು. ಓಡಿ ಬಂದು ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಕೇಳಿಸ್ತಿದೆಯಾ? ನಾನೇ ಮಾತಾಡ್ತಿರೋದು," ಅಂದೆ. ಮೃದುವಾದ ದನಿ. ಸ್ವಲ್ಪ ಮೂಗಿನಲ್ಲಿ. ಕೇಳಿಸ್ತಿದೆ ಎಂದೆ. ನಿನ್ನ ಕಣ್ಣಲ್ಲಿ ನೀರು ಬಂತು. ಇಪ್ಪತ್ತು ನಿಮಿಷದ ಮೇಲೆ ಒಳಗೆ ಬಿಟ್ಟರು. ನೀನು ತಟ್ಟೆ ತುಂಬ ತಂದು ನನ್ನ ಮುಂದಿಟ್ಟೆ, ನಾನು ಕಿವಿಯ ಹಿಂದೆ ಕೈ ಇಟ್ಟು ಯಂತ್ರ ಆರಿಸಿದೆ. ನೀನು ಮಾತಾಡುತ್ತಲೇ ಇದ್ದೆ. ನಾನು ತಲೆಯಾಡಿಸಿದೆ.

ಸುತ್ತಿ ಬಳಸಿ ನನಗೆ ಸುಳ್ಳು ಹೇಳಿದ್ದನ್ನು ನಾನು ನುಂಗಿಕೊಂಡಿದ್ದೆ. ಅದು ಆಸೆ, ಮನುಷ್ಯರಿಗೆ ಇರುತ್ತದೆ. ಇದು ಹಾಗಲ್ಲ. ಕಾರ್ಡಿಗೆ ನೀನು ಏನು ಕೊಟ್ಟೆ ಎಂದು ಆ ಕೌಂಟರಿನ ಮುಂದೆ ನನಗೆ ಗೊತ್ತಾಯಿತು. ಹೇಸಿಗೆಯಾಯಿತು ಮರಿ. ಕಂಡವರ ಎಂಜಲು ಹಲ್ಲು ತೊಳೆಯುವಾಗಲೂ ನನಗೆ ಹಾಗೆ ಆಗಿಲ್ಲ.

ಆ ಹೆಂಗಸಿನ ಮುಖ ನೀನು ನೋಡಿರಲಿಕ್ಕಿಲ್ಲ. ನನಗಿಂತ ಐದಾರು ವರ್ಷ ದೊಡ್ಡವಳಿರಬಹುದು.

ಅಕ್ಕ


19 ಜೂನ್

ಅಕ್ಕ,

ನಿನ್ನ ಕಾಗದಕ್ಕೆ ಉತ್ತರ ಬರೆಯಬೇಕಾದರೆ ಮೊದಲು ಒಂದು ಕೆಲಸ ಮಾಡಬೇಕಿತ್ತು. ಅದಕ್ಕೇ ತಡವಾಯಿತು. ಹೋದ ಬುಧವಾರ ಕೆಲಸದ ಮೇಲೆ ಅದೇ ನಿಲ್ದಾಣದ ಮೂಲಕ ಹೋಗಬೇಕಾಗಿ ಬಂತು. ಅವಳೇ ಇದ್ದಳು. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ, "ಹೋದ ತಿಂಗಳು ನಿಮ್ಮ ಹತ್ರ ಕೆಟ್ಟದಾಗಿ ಮಾತಾಡಿದ್ದೆ. ತಪ್ಪಾಯ್ತು," ಎಂದೆ. ಎಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡು ಹೋಗಿದ್ದೆ ಎಂದರೆ, ಬಾಯಿಪಾಠ ಒಪ್ಪಿಸಿದ ಹಾಗಾಯಿತು.

ಅವಳು ನನ್ನನ್ನು ನೋಡಿದಳು. ನೆನಪು ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟಳು. ಆಮೇಲೆ, "ಗೊತ್ತಾಗ್ತಿಲ್ಲ ಸರ್. ದಿನಕ್ಕೆ ನಾಲ್ಕೈದು ಜನ ಹಾಗೆ ಮಾತಾಡೋರು ಬರ್ತಾರೆ. ನೀವು ಯಾವತ್ತು ಬಂದಿದ್ರಿ?" ಎಂದಳು. ಬೇಜಾರಿಲ್ಲದೆ ಕೇಳಿದಳು, ದಿನಾಂಕ ಗೊತ್ತಾದರೆ ಪಟ್ಟಿಯಲ್ಲಿ ಹುಡುಕಿಕೊಡುತ್ತೇನೆ ಎನ್ನುವ ಹಾಗೆ. ನನ್ನ ಹಿಂದಿನವನು ಗಂಟಲು ಕೆರೆದ. ಅವಳು ಕೈ ಚಾಚಿ, "ಕಾರ್ಡು ಕೊಡಿ ಸರ್," ಎಂದಳು.

ಕೊಟ್ಟೆ. ಅದೇ ದನಿಯಲ್ಲಿ ಬನ್ನಿ ಎಂದಳು. ಒಳಗೆ ಹೋದೆ ಅಕ್ಕ. ಹೋಗಿ ಕೂತೆ, ತಟ್ಟೆಗೆ ಹಾಕಿಕೊಂಡು ತಿಂದೆ. ಒಂದಗುಳೂ ಬಿಡಲಿಲ್ಲ. ಎದ್ದು ಬಂದೆ ಎಂದು ಬರೆದಿದ್ದರೆ ನೀನು ನಂಬುತ್ತಿದ್ದೆ, ಅಲ್ಲಿಂದ ಯಾವ ಲಕೋಟೆಯೂ ಬರುತ್ತಿರಲಿಲ್ಲ. ಎದ್ದು ಬರಲಿಲ್ಲ.

ಶನಿವಾರ ನಿನ್ನಲ್ಲಿಗೆ ಬರುತ್ತಿದ್ದೇನೆ, ಆ ಇನ್ನೊಂದು ಕಂಪನಿಯ ವಿಮಾನದಲ್ಲಿ, ಹತ್ತೂ ಕಾಲಕ್ಕೆ ಮುಟ್ಟುತ್ತದೆ. ಬೀದಿಯಲ್ಲಿ ನಿಂತು ಬಾಗಿಲು ಬಡಿಯುತ್ತೇನೆ. ಕೇಳಿಸಿದರೂ ತೆಗೆಯದಿದ್ದರೆ ವಾಪಸು ಹೋಗುತ್ತೇನೆ.

ತಮ್ಮ